ಕುಮಟೆಯ ಅರಳೆಗೆ ಮೈ ಎಷ್ಟು?

ಉತ್ತರ ಕನ್ನಡದ ಬಂದರುಗಳಲ್ಲಿ ಭಟ್ಕಳ, ಹೊನ್ನಾವರಗಳು ಹಿರಿಯವು. 16ನೆಯ ಶತಮಾನದ ಆದಿಯಲ್ಲಿ ಈ ಕರಾವಳಿಯನ್ನು ಬಲ್ಲ ಪೋರ್ಚುಗೀಸ ಡುವಾರ್ತೆ ಬಾರ್ಬೋಸ ಭಟ್ಕಳದ ಅಕ್ಕಿಯನ್ನೂ ಸಕ್ಕರೆಯನ್ನೂ ಹೆಸರಿಸಿದ್ದಾನೆ. ಹೊನ್ನಾವರದ ಮೆಣಸಿನ ಆಸೆಗೆ ಅವನ ನಾಡಿನವರು ಅಲ್ಲಿ ಕೋಟೆ ಹಿಡಿದು ಕುಳಿತರು. ಇವೆರಡರ ನೆರೆಯ ಕುಮಟೆ ಹೆಸರಾದದ್ದು ಬಹಳ ತಡವಾಗಿ, 19ನೆಯ ಶತಮಾನದಲ್ಲಿ. ಅದೂ ತನ್ನ ನೆಲದಲ್ಲಿ ಬೆಳೆಯದ ಒಂದು ಬೆಳೆಯಿಂದ. ಧಾರವಾಡ, ಹುಬ್ಬಳ್ಳಿಗಳ ಕರಿನೆಲದ ಹತ್ತಿ ಹೇರೆತ್ತುಗಳ ಮೇಲೆ, ಆಮೇಲೆ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಗೆ ಬರುತ್ತಿತ್ತು. ಅಲ್ಲಿಂದ ಹಡಗೇರಿ ಮುಂಬಯಿಗೆ. ಹತ್ತಿಯನ್ನು ಬೆಳೆದ ಊರನ್ನು ಮರೆತ ವ್ಯಾಪಾರಿಗಳು ಹಡಗು ಬಿಟ್ಟ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ಇಂದಿಗೂ ಹತ್ತಿಯ ತಳಿಗಳ ಪುಸ್ತಕಗಳಲ್ಲಿ ‘ಕುಂಪ್ಟಾ’ ಎಂಬ ಹೆಸರು ಸಿಕ್ಕರೆ ಅದು ನಮ್ಮ ಕುಮಟೆಯೇ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡದ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಹಿತವೂ ಇತ್ತು. ಬೆಲೆ ಏರಿತು, ಬೆಲೆಯ ಬೆನ್ನಿಗೆ ಮೋಸವೂ ಏರಿತು. ಅಂಡಿಗೆಯಲ್ಲಿ ಬೀಜ, ಕಸ, ಮಣ್ಣು. ತೂಕ ಹೆಚ್ಚಲೆಂದು ಅರಳೆಗೆ ನೀರು ಹನಿಸುತ್ತಾರೆಂಬುದು ಅಂದಿನ ಹಳೆಯ ದೂರು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸವನ್ನು ತಡೆಯಲು ಒಂದು ಕಾಯಿದೆಯನ್ನೇ ತಂದಿತು.

ಕಸವನ್ನು ಕಣ್ಣಿನಿಂದ ಕಾಣಬಹುದು. ನೀರನ್ನು? ಇಲ್ಲಿ ಒಂದು ಸಿಕ್ಕು ಇದೆ. ಯಾರೂ ನೀರು ಹನಿಸದಿದ್ದರೂ ಹತ್ತಿ ತಾನಾಗಿ ನೀರು ಕುಡಿಯುತ್ತದೆ. ಬಯಲುಸೀಮೆಯ ಬೇಸಗೆಯ ಒಣಹವೆಯಲ್ಲಿ ನೂರು ಪಾಲು ಒಣ ಹತ್ತಿಯಲ್ಲಿ ಐದು ಪಾಲಿನಷ್ಟು ನೀರಿದ್ದರೆ, ಕರಾವಳಿಯ ತೇವದಲ್ಲಿ ಅದು ಹತ್ತಕ್ಕೆ ಹತ್ತಿರ ಹೋಗಬಲ್ಲದು. ಹುಬ್ಬಳ್ಳಿಯಲ್ಲಿ ತೂಗಿದ ಅರಳೆ ಕುಮಟೆಯ ಉಗ್ರಾಣದಲ್ಲಿ ನಾಲ್ಕು ದಿನ ಕುಳಿತು ಎದ್ದರೆ ತೂಕ ಬೇರೆ. ಹಾಗಾದರೆ ಮಾರುವವನು ಕಳ್ಳನೋ, ಗಾಳಿ ಕಳ್ಳನೋ? ದಲಾಲನ ಹೆಬ್ಬೆರಳಿಗೆ ಎಳೆಯ ಉದ್ದ ಗೊತ್ತು, ನಯ ಗೊತ್ತು. ಈ ಪ್ರಶ್ನೆಗೆ ಉತ್ತರ ಹೇಳುವ ಶಕ್ತಿ ಅದಕ್ಕಿಲ್ಲ. ಉತ್ತರ ಬೇಕಾದರೆ ಅಷ್ಟು ನೀರು ಹತ್ತಿಯಲ್ಲಿ ಎಲ್ಲಿ ಕೂತಿದೆ ಎಂದು ಕೇಳಬೇಕು. ಕೂತಿರುವುದು ಎಳೆಯ ಮೈಮೇಲೆ, ಎಳೆಯೊಳಗಿನ ಸಂದುಗಳ ಮೈಮೇಲೆ. ಆ ಮೈ ಎಷ್ಟು ವಿಸ್ತಾರ ಎಂದು ಅಳೆಯುವುದಕ್ಕೆ ವಿಜ್ಞಾನಕ್ಕೆ ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

ವಸ್ತುವಿನ ಮೈ ಎಂಬುದು ನಾವು ಎಣಿಸುವುದಕ್ಕಿಂತ ದೊಡ್ಡದು. ಒಂದು ಸೆಂಟಿಮೀಟರಿನ ಘನವೊಂದಕ್ಕೆ ಆರು ಮುಖ, ಒಟ್ಟು 6 ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರಿನ ಸಾವಿರದ ಒಂದಂಶದಷ್ಟು ಸಣ್ಣ ಘನಗಳಾಗಿ ಕತ್ತರಿಸಿದರೆ ಒಟ್ಟು ಮೈ 6 ಚದರ ಮೀಟರ್ ಆಗುತ್ತದೆ, ಒಂದು ಸಣ್ಣ ಕೋಣೆಯ ನೆಲದಷ್ಟು. ವಸ್ತು ಹೆಚ್ಚಿಲ್ಲ, ಮೈ ಮಾತ್ರ ಹತ್ತು ಸಾವಿರ ಪಟ್ಟು ಹೆಚ್ಚಿತು. ನಮ್ಮ ಕರಾವಳಿಯ ಒಲೆಗಳಲ್ಲಿ ಉರಿದುಹೋಗುವ ತೆಂಗಿನ ಕರಟವನ್ನು ಸರಿಯಾಗಿ ಸುಟ್ಟು ಹದಮಾಡಿದರೆ ದೊರೆಯುವ ಇದ್ದಿಲಿನಲ್ಲಿ, ಒಂದು ಗ್ರಾಮಿಗೆ ಸಾವಿರ ಚದರ ಮೀಟರಿನಷ್ಟು, ಅಂದರೆ ಕಾಲು ಎಕರೆಯಷ್ಟು, ಒಳಮೈ ಇರುವುದುಂಟು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಯಲು ಮುಖವಾಡಗಳಲ್ಲಿ ತುಂಬಿದ್ದು ಇಂಥ ಇದ್ದಿಲನ್ನೇ.

ಇದನ್ನು ಅಳೆಯುವ ಮೊಳಕೋಲು ಯಾವುದು? ಅಣುವೇ ಮೊಳಕೋಲು. ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮುಯಿರ್ ಅನಿಲದ ಅಣುಗಳು ಗಟ್ಟಿ ವಸ್ತುವಿನ ಮೈಮೇಲೆ ಒಂದೇ ಪದರವಾಗಿ ಅಂಟಿಕೊಳ್ಳಬಲ್ಲವು ಎಂದು 1918ರಲ್ಲಿ ಲೆಕ್ಕಸಹಿತ ತೋರಿಸಿದ. ಆದರೆ ಅಣುಗಳು ಒಂದೇ ಪದರಕ್ಕೆ ನಿಲ್ಲುವುದಿಲ್ಲ; ಸಂತೆಯ ಜನರಂತೆ ಒಬ್ಬರ ಮೇಲೊಬ್ಬರು ಬೀಳುತ್ತವೆ. ಗೊಬ್ಬರಕ್ಕೆ ಬೇಕಾದ ಅಮೋನಿಯವನ್ನು ತಯಾರಿಸುವಾಗ ಕಬ್ಬಿಣದ ಪುಡಿ ಪ್ರೇರಕವಾಗಿ ಕೆಲಸ ಮಾಡುತ್ತದೆ. ಅದರ ಮೈಯನ್ನು ಅಳೆಯಲು ಹೊರಟ ಬ್ರುನಾವರ್ ಮತ್ತು ಎಮೆಟ್, ಎಡ್ವರ್ಡ್ ಟೆಲ್ಲರನ ಜತೆ ಸೇರಿ, ಮೊದಲ ಪದರವನ್ನು ಮಿಕ್ಕವುಗಳಿಂದ ಲೆಕ್ಕದಲ್ಲಿ ಬೇರ್ಪಡಿಸುವ ಸೂತ್ರವನ್ನು 1938ರಲ್ಲಿ ಪ್ರಕಟಿಸಿದರು. ಮೂವರ ಹೆಸರಿನ ಮೊದಲ ಅಕ್ಷರಗಳಿಂದ ಅದು ‘ಬಿ.ಇ.ಟಿ.’ ವಿಧಾನವಾಯಿತು. ವಸ್ತುವನ್ನು ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿ ಸಾರಜನಕವನ್ನು ಬಿಡುತ್ತಾರೆ. ಎಷ್ಟು ಅನಿಲ ಮಾಯವಾಯಿತೆಂದು ನೋಡುತ್ತಾರೆ. ಸಾಧಾರಣ ಸ್ಥಿತಿಯ ಒಂದು ಘನ ಸೆಂಟಿಮೀಟರ್ ಸಾರಜನಕವನ್ನು ಒಂದೇ ಪದರವಾಗಿ ಹಾಸಿದರೆ ಅದು ಸುಮಾರು 4.35 ಚದರ ಮೀಟರನ್ನು ಮುಚ್ಚುತ್ತದೆ. ಮಿಕ್ಕದ್ದು ಗುಣಾಕಾರ.

ಈಗ ಈ ಕೋಲನ್ನು ಹತ್ತಿಗೆ ಹಿಡಿಯೋಣ. ಒಂದು ಗ್ರಾಮ್ ಹತ್ತಿಯ ಎಳೆಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 6 ಕಿಲೋಮೀಟರ್ ಉದ್ದವಾದೀತು. ಹೊರಮೈ ಚದರ ಮೀಟರಿನ ಮೂರನೆಯ ಒಂದಂಶದಷ್ಟಿದ್ದೀತು. ಸಾರಜನಕವನ್ನು ಕೇಳಿದರೆ ಅದು 0.7 ಎನ್ನುತ್ತದೆ. ಅದೇ ಹತ್ತಿಗೆ ನೀರಿನ ಆವಿಯನ್ನು ಬಿಟ್ಟು, ಅದೇ ಸೂತ್ರದಿಂದ ಲೆಕ್ಕ ಹಾಕಿದರೆ ಬರುವ ಉತ್ತರ ಸುಮಾರು 108 ಚದರ ಮೀಟರ್! ಒಂದೇ ವಸ್ತು, ಒಂದೇ ಸೂತ್ರ, ಉತ್ತರಗಳ ನಡುವೆ ನೂರೈವತ್ತು ಪಟ್ಟು ಅಂತರ. ಯಾರೂ ಸುಳ್ಳು ಹೇಳಿಲ್ಲ. ಸಾರಜನಕ ಹೊರಗಿನ ಅತಿಥಿ; ಒಣಗಿದ ಎಳೆಯ ಬಾಗಿಲು ಅದಕ್ಕೆ ಮುಚ್ಚಿದೆ, ಜಗಲಿಯನ್ನಷ್ಟೇ ಅಳೆದು ಹೋಗುತ್ತದೆ. ನೀರು ಹತ್ತಿಯ ನೆಂಟ. ಎಳೆಯೊಳಗಿನ ಸೆಲ್ಯುಲೋಸಿನ ಸರಪಳಿಗಳನ್ನು ಸರಿಸಿ, ಇಲ್ಲದ ಕೋಣೆಗಳನ್ನು ತೆರೆಸಿ, ಒಳಗೆಲ್ಲ ಹರಡಿಕೊಳ್ಳುತ್ತದೆ. ಅಳೆಯುವ ಕೋಲೇ ಅಳೆಯುವ ಹೊಲವನ್ನು ದೊಡ್ಡದು ಮಾಡಿದಂತೆ. ಆದ್ದರಿಂದ ‘ಹತ್ತಿಯ ಮೈ ಎಷ್ಟು’ ಎಂಬ ಪ್ರಶ್ನೆಗೆ ‘ಯಾರಿಗೆ’ ಎಂಬ ಮರುಪ್ರಶ್ನೆ ಹಾಕದೆ ಉತ್ತರವಿಲ್ಲ. ಬಣ್ಣ ಹಾಕುವವನಿಗೆ ಬೇಕಾದದ್ದು ನೀರು ತೆರೆಯುವ ಮೈ.

ಸಿಕ್ಕು ಇಷ್ಟಕ್ಕೇ ಮುಗಿಯುವುದಿಲ್ಲ. ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆಯ ಅರ್ಕಟ್ ಮತ್ತು ವಿಲಿಯಮ್ಸ್ 1924ರಲ್ಲಿ ಹತ್ತಿಯ ತೇವವನ್ನು ಎಚ್ಚರಿಕೆಯಿಂದ ಅಳೆದರು. ಗಾಳಿಯ ತೇವ ಒಂದೇ ಇದ್ದರೂ, ಒದ್ದೆಯಿಂದ ಒಣಗುತ್ತ ಬಂದ ಹತ್ತಿಯಲ್ಲಿ ನೀರು ಹೆಚ್ಚು, ಒಣಗಿದ್ದು ತೇವಗೊಳ್ಳುತ್ತ ಬಂದದ್ದರಲ್ಲಿ ಕಡಿಮೆ. ವ್ಯತ್ಯಾಸ ನೂರಕ್ಕೆ ಒಂದರ ಆಸುಪಾಸು. ಸಣ್ಣದೆನ್ನಬೇಡಿ, ನೂರು ಖಂಡಿಗೆ ಒಂದು ಖಂಡಿ, ಅದೂ ಹತ್ತಿಯ ಬೆಲೆಗೆ ನೀರು. ಹತ್ತಿಗೆ ತಾನು ಬಂದ ದಾರಿಯ ನೆನಪಿರುತ್ತದೆ.

ಈ ನೆನಪಿನ ಮರ್ಮವನ್ನು ಬಿಡಿಸಲು ಹೊರಟವರಲ್ಲಿ ನಮ್ಮವರೊಬ್ಬರಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ರಸಾಯನ ವಿಭಾಗದಿಂದ ಕಿತ್ತೂರು ಸುಬ್ಬರಾವ್ 1941ರಲ್ಲಿ ಅಮೆರಿಕದ ಭೌತರಸಾಯನ ಪತ್ರಿಕೆಯಲ್ಲಿ ಈ ವಿಷಯದ ಮೇಲೆ ಲೇಖನಗಳ ಒಂದು ಮಾಲೆಯನ್ನೇ ಪ್ರಕಟಿಸಿದರು. ಆ ವಿಷಯದಲ್ಲಿ ದುಡಿಯುವವರು ಈಗಲೂ ಅವನ್ನು ಉಲ್ಲೇಖಿಸುತ್ತಾರೆ. ಕನ್ನಡಿಗರಲ್ಲಿ ಎಷ್ಟು ಮಂದಿ ಆ ಹೆಸರನ್ನು ಕೇಳಿದ್ದೇವೆ? ಅವರು ಹಿಡಿದ ವಿವರಣೆ ಕಣ್ಣಿಗೆ ಕಟ್ಟುವಂಥದು. ವಸ್ತುವಿನೊಳಗಿನ ಗೂಡುಗಳು ಹೂಜಿಯಂತೆ. ಹೊಟ್ಟೆ ಅಗಲ, ಕಂಠ ಕಿರಿದು. ತುಂಬುವಾಗ ಹೊಟ್ಟೆಯ ಅಗಲ ತುಂಬಬೇಕು, ಬರಿದಾಗುವಾಗ ಕಂಠ ಬಿಡಬೇಕು. ಕಂಠದಲ್ಲಿ ನೀರು ನಿಂತಿರುವವರೆಗೆ ಹೊಟ್ಟೆಯ ನೀರು ಸೆರೆ. ಸಿಲಿಕದಂಥ ಗಟ್ಟಿ ವಸ್ತುವಿನಲ್ಲಿ ಎಷ್ಟು ಸಲ ತುಂಬಿ ತೆಗೆದರೂ ಈ ಅಂತರ ಹಾಗೆಯೇ ಉಳಿಯುವುದನ್ನು ಅವರು ಕಂಡರು. ಆಮೇಲೆ ಅವರು ಕೈಗೆತ್ತಿಕೊಂಡದ್ದು ನಮ್ಮ ಅಡುಗೆಮನೆಯ ವಸ್ತುವನ್ನು: ಧಾನ್ಯಗಳನ್ನು, ಅಕ್ಕಿಯನ್ನು. ಅಕ್ಕಿ ಮೊದಲ ಸಲ ಒದ್ದೆಯಾಗಿ ಒಣಗಿದಾಗ ಅಂತರ ಕಾಣುತ್ತದೆ. ಮತ್ತೆ ಮತ್ತೆ ಒದ್ದೆಮಾಡಿ ಒಣಗಿಸಿದರೆ ಅಂತರ ಸಣ್ಣದಾಗುತ್ತ ಕೊನೆಗೆ ಇಲ್ಲವಾಗುತ್ತದೆ. ಕಾಳು ಉಬ್ಬುವ ವಸ್ತು. ಅದರ ಗೂಡುಗಳ ಗೋಡೆ ಗಟ್ಟಿಯಲ್ಲ. ಹೂಜಿಯೇ ಮೆತ್ತಗಾದ ಮೇಲೆ ನೀರನ್ನು ಸೆರೆಯಿಡುವುದು ಹೇಗೆ? ಬಾರ್ಬೋಸನ ಕಾಲದಲ್ಲಿ ಭಟ್ಕಳದಿಂದ ಹಡಗೇರಿದ ಅಕ್ಕಿ ಸಮುದ್ರದ ಹವೆಯಲ್ಲಿ ಏನೇನು ನೆನಪಿಟ್ಟುಕೊಂಡು ಏನೇನು ಮರೆಯಿತೋ!

ಮೈಯನ್ನು ಅಳೆಯುವ ಇನ್ನೊಂದು ದಾರಿ ಇದಕ್ಕಿಂತ ಸುಲಭ. ಪುಡಿ ಅಥವಾ ಎಳೆಗಳ ಗಟ್ಟಿಯ ಮೂಲಕ ಗಾಳಿಯನ್ನು ಹಾಯಿಸುವುದು. ಮೈ ಹೆಚ್ಚಿದ್ದಷ್ಟೂ ಗಾಳಿಗೆ ತಡೆ ಹೆಚ್ಚು. 1927ರಲ್ಲಿ ಕೊಜೆನಿ, 1937ರಲ್ಲಿ ಕಾರ್ಮನ್ ಇದರ ಲೆಕ್ಕವನ್ನು ಕಟ್ಟಿದರು. ಮನೆ ಕಟ್ಟಿಸುವ ಓದುಗರು ಕೊಳ್ಳುವ ಸಿಮೆಂಟಿನ ನುಣುಪನ್ನು ಹೀಗೆಯೇ ಪರೀಕ್ಷಿಸುತ್ತಾರೆ. ಸಾಮಾನ್ಯ ಸಿಮೆಂಟಿನ ಕಿಲೋಗ್ರಾಮಿಗೆ ಕನಿಷ್ಠ 225 ಚದರ ಮೀಟರ್ ಮೈ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಹತ್ತಿಯ ಪೇಟೆಗೆ ಇದೇ ತತ್ತ್ವ ‘ಮೈಕ್ರೊನೇರ್’ ಎಂಬ ಹೆಸರಿನಿಂದ ಬಂತು. ಹೆಬ್ಬೆರಳು ಮಾಡುತ್ತಿದ್ದ ನಯದ ತೀರ್ಪನ್ನು ಈಗ ಗಾಳಿ ಕೊಡುತ್ತದೆ. ಆ ಅಂಕಿ ಎಳೆಯ ಸಣ್ಣತನವನ್ನೂ ಬಲಿತ ಹದವನ್ನೂ ಬೆರೆಸಿ ಹೇಳುವುದರಿಂದ, ಎಳಸು ಹತ್ತಿ ನಯದ ಹತ್ತಿಯ ವೇಷದಲ್ಲಿ ಪಾರಾಗುವುದೂ ಉಂಟು. ಹಳೆಯ ದಲಾಲ ಅಲ್ಲಿ ಮೋಸಹೋಗುತ್ತಿರಲಿಲ್ಲವೆಂದು ನನ್ನ ಗುಮಾನಿ.

ಕುಮಟೆ ಇದನ್ನೆಲ್ಲ ನೋಡುವಷ್ಟು ಕಾಲ ಹತ್ತಿಯ ಬಂದರಾಗಿ ಉಳಿಯಲಿಲ್ಲ. 1880ರ ದಶಕದಲ್ಲಿ ರೈಲು ಹುಬ್ಬಳ್ಳಿ, ಧಾರವಾಡಗಳನ್ನು ಮುಟ್ಟಿತು. ಹತ್ತಿ ಘಟ್ಟವಿಳಿಯುವುದನ್ನು ಬಿಟ್ಟು ಮಾರ್ಮಗೋವೆಯ ಕಡೆಗೂ ಇತರ ಕಡೆಗಳಿಗೂ ತಿರುಗಿತು. ಮೈಯಳತೆಯ ವಿದ್ಯೆ ಬೇರೆ ದಾರಿಯಲ್ಲಿ ಬಹುದೂರ ನಡೆದಿದೆ. ಲೋಹದ ಅಣುಗಳನ್ನೂ ಸಾವಯವ ಅಣುಗಳನ್ನೂ ಹೆಣೆದು, ಗ್ರಾಮಿಗೆ ಹಲವು ಸಾವಿರ ಚದರ ಮೀಟರ್ ಒಳಮೈಯುಳ್ಳ ಜಾಲರಿಗಳನ್ನು ಕಟ್ಟಿದ ಕಿಟಗಾವಾ, ರಾಬ್ಸನ್, ಯಾಘಿ ಎಂಬ ಮೂವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು.

ಇನ್ನು ಕುಮಟೆಯ ಉಗ್ರಾಣದ ಆ ಹಳೆಯ ಜಗಳ, ಅರಳೆಯಲ್ಲಿರುವ ನೀರು ಯಾರದೆಂಬುದು. ಹತ್ತಿಯ ಮೈಗೆ ಒಂದೇ ಅಂಕಿಯಿಲ್ಲ, ಅದರ ತೇವಕ್ಕೂ ಇಲ್ಲ. ವ್ಯಾಪಾರಿಗಳು ಪ್ರಕೃತಿಯೊಡನೆ ವಾದ ಮಾಡುವುದನ್ನು ಬಿಟ್ಟು ತಮ್ಮೊಳಗೆ ಒಂದು ಒಪ್ಪಂದಕ್ಕೆ ಬಂದರು. ಮಾದರಿಯನ್ನು ಪೂರ್ತಿ ಒಣಗಿಸಿ ತೂಗುವುದು. ಆ ತೂಕಕ್ಕೆ ನೂರಕ್ಕೆ ಎಂಟೂವರೆಯಂತೆ ನೀರನ್ನು ಸೇರಿಸುವುದು. ಬಂದ ಮೊತ್ತಕ್ಕೆ ಹಣ ಎಣಿಸುವುದು.