ನಾಡಕಚೇರಿಯ ನಾಡು

ಹೊನ್ನವಳ್ಳಿಯಲ್ಲಿ 'ನಾಡು' ಎಂಬ ಪದ ಹೆಚ್ಚಾಗಿ ಕಿವಿಗೆ ಬೀಳುವುದು ಜಾತಿ-ಆದಾಯ ಪತ್ರದ ನೆಪದಲ್ಲಿ. ಆಧಾರ್, ರೇಷನ್ ಕಾರ್ಡುಗಳ ಜೆರಾಕ್ಸನ್ನು ಮಡಚಿ ಜೇಬಿಗಿಟ್ಟು ಹೊರಟವನನ್ನು ತೋಟದ ಬದುವಿನಿಂದ ಯಾರಾದರೂ ಕೂಗಿ ಕೇಳಿದರೆ, 'ಇಲ್ಲೇ ನಾಡಕಚೇರಿಗೆ ಕಣಣ್ಣ' ಎನ್ನುತ್ತಾನೆ. ಆ ನಾಡು ಎಂದರೆ ಒಂದು ಹೋಬಳಿ, ತೆಂಗಿನ ನಡುವಿನ ಒಂದಷ್ಟು ಹಳ್ಳಿ. ಅದೇ ಪದ ಗೀತೆಗೆ ಸೇರಿದರೆ ಇಡೀ ಕರ್ನಾಟಕ. ಬಂದೂಕಿಗೆ ಅಂಟಿದರೆ ಲೈಸೆನ್ಸಿಲ್ಲದ ಮಾಲು. ಇಷ್ಟೆಲ್ಲ ಹಿಗ್ಗಿ ಕುಗ್ಗಿದರೂ ಸೈನ್ಯ, ಪಾಸ್‌ಪೋರ್ಟುಗಳ ತಂಟೆಗೆ ಅದು ಹೋಗುವುದಿಲ್ಲ. ಅದಕ್ಕೆ 'ದೇಶ' ಇದೆ.

ಕನ್ನಡಿಗರು ಬಯಸಿದ್ದು ದೇಶವನ್ನಲ್ಲ, ನಾಡನ್ನು. 1905ರಲ್ಲಿ ವೈಸ್‌ರಾಯ್ ಕರ್ಜನ್ ಬಂಗಾಳವನ್ನು ಎರಡು ಹೋಳು ಮಾಡಿದಾಗ ಎದ್ದ ಗದ್ದಲ ಆಲೂರು ವೆಂಕಟರಾಯರನ್ನೂ ಅಲುಗಾಡಿಸಿತು. ಎರಡು ಹೋಳಿಗೇ ಬಂಗಾಳಿಗಳು ಅಷ್ಟು ನೊಂದರೆ, ಮುಂಬೈ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದುಹೋದ ಕನ್ನಡಿಗರು ಹೇಗೆ ತೆಪ್ಪಗಿದ್ದಾರೆ? ಏಕೀಕರಣದ ಹಂಬಲ ಆಲೂರರಲ್ಲಿ ಬಲಿತದ್ದು ಆ ಹೊತ್ತಿನಲ್ಲಿ. 1956ರ ನವೆಂಬರ್ 1ಕ್ಕೆ ನಾಡು ಸಿಕ್ಕಿತು. ನಮ್ಮ ಹಳೇ ಮೈಸೂರಿನಲ್ಲಿ ಅದು ಬೇಡವೆಂದವರೂ ಇದ್ದರು ಅನ್ನಿ. ಕರ್ನಾಟಕವೆಂಬ ಹೆಸರಿಗೆ 1973ರವರೆಗೆ ಕಾಯಬೇಕಾಯಿತು.

ದೇಶವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಸೇರಿದ ಪೂರ್ವ ಬಂಗಾಳದವರ ಪಾಡು ಬೇರೆ. ಆಗಿನ ಪಾಕಿಸ್ತಾನದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಂಗಾಳಿಗಳೇ. ಆದರೂ 1948ರಲ್ಲಿ ಜಿನ್ನಾ ಢಾಕಾಕ್ಕೇ ಬಂದು, ಉರ್ದುವೊಂದೇ ರಾಷ್ಟ್ರಭಾಷೆ ಎಂದರು. 1952ರ ಫೆಬ್ರುವರಿ 21ರಂದು ಭಾಷೆಗಾಗಿ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 1966ರಲ್ಲಿ ಅವಾಮಿ ಲೀಗಿನ ಮುಜೀಬುರ್ ರೆಹಮಾನ್ ಮುಂದಿಟ್ಟ ಆರು ಅಂಶಗಳನ್ನು ಓದಿದರೆ, ಅವರು ಕೇಳಿದ್ದು ನಾಡನ್ನೇ ಎನಿಸುತ್ತದೆ: ರಕ್ಷಣೆ, ವಿದೇಶಾಂಗ ಒಕ್ಕೂಟಕ್ಕಿರಲಿ, ತೆರಿಗೆ ಎತ್ತುವ ಹಕ್ಕು ನಮಗಿರಲಿ. ಪ್ರತ್ಯೇಕ ನಾಣ್ಯದ ಮಾತೂ ಅಲ್ಲಿತ್ತು, ಹಾಗಾಗಿ ತುಸು ಕೈಚಾಚಿದ ನಾಡು ಎನ್ನೋಣ. 1970ರ ಚುನಾವಣೆಯಲ್ಲಿ 300 ಸಾಮಾನ್ಯ ಸ್ಥಾನಗಳ ಪೈಕಿ 160 ಗೆದ್ದ ಅವಾಮಿ ಲೀಗಿಗೆ ಇಡೀ ಪಾಕಿಸ್ತಾನ ಆಳುವ ಬಹುಮತವೇ ಇತ್ತು. ಅಧ್ಯಕ್ಷ ಯಾಹ್ಯಾ ಖಾನ್ ಅಧಿವೇಶನವನ್ನೇ ಮುಂದೂಡಿದರು. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಸೈನ್ಯ ಜನರ ಮೇಲೆ ಬಿತ್ತು. ಡಿಸೆಂಬರ್ 16ರ ಹೊತ್ತಿಗೆ ಬಾಂಗ್ಲಾ, ಬಾಂಗ್ಲಾದೇಶವಾಗಿತ್ತು. ನಾಡು ಕೊಟ್ಟಿದ್ದರೆ ದೇಶ ಕಳೆದುಕೊಳ್ಳುತ್ತಿರಲಿಲ್ಲ ಎಂದು ಕರಾಚಿಯಲ್ಲಿ ಆಮೇಲೆ ಯಾರಾದರೂ ಕೈಕೈ ಹಿಸುಕಿಕೊಂಡಿರಬೇಕು.

1905ರ ಆ ವಂಗಭಂಗದ ಕಾಲದಲ್ಲಿ ಅಖಂಡ ಬಂಗಾಳಕ್ಕೆಂದು ರವೀಂದ್ರನಾಥ ಠಾಕೂರರು ಬರೆದ 'ಆಮಾರ್ ಸೋನಾರ್ ಬಾಂಗ್ಲಾ' ಈಗ ಬಾಂಗ್ಲಾದೇಶದ ರಾಷ್ಟ್ರಗೀತೆ. ವಂಗಭಂಗ ವಿರೋಧಿ ಚಳವಳಿಗೆ ಅವರೇ ಬರೆದ ಇನ್ನೊಂದು ಹಾಡನ್ನು 2023ರಲ್ಲಿ ಪಶ್ಚಿಮ ಬಂಗಾಳ ತನ್ನ ನಾಡಗೀತೆ ಮಾಡಿಕೊಂಡಿತು.