ಅತ್ತ ದರಿ, ಇತ್ತ ಪುಲಿ: ತಲೆಪೆಟ್ಟು ಮತ್ತು ರಕ್ತದ ಚರಿತ್ರೆ

ನಾನು ವಾಸವಿರುವ ಮದೀನತ್ ಸುಲ್ತಾನ್ ಖಾಬೂಸ್‌ನಿಂದ ಖೌಲಾ ಆಸ್ಪತ್ರೆ ಹೆಚ್ಚು ದೂರವಿಲ್ಲ. 1974ರಲ್ಲಿ ಆರಂಭವಾದ ಈ ಆಸ್ಪತ್ರೆ ಇಂದು ಒಮಾನಿನಲ್ಲಿ ಅಪಘಾತ ಮತ್ತು ಮೆದುಳಿನ ಶಸ್ತ್ರಚಿಕಿತ್ಸೆಯ ಪ್ರಮುಖ ಕೇಂದ್ರ. ಅದೇ ವರ್ಷ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಇಂಥ ಎಲ್ಲ ಆಸ್ಪತ್ರೆಗಳ ವೈದ್ಯರನ್ನೂ ಕಾಡುವ ಪ್ರಶ್ನೆ ಒಂದೇ: ತಲೆಗೆ ಪೆಟ್ಟು ಬಿದ್ದವರ ರಕ್ತ ಹೆಪ್ಪುಗಟ್ಟಲಿ ಎನ್ನಬೇಕೆ, ಬೇಡವೆನ್ನಬೇಕೆ?

ತಲೆಬುರುಡೆ ಮುಚ್ಚಿದ ಡಬ್ಬಿಯಂತೆ. ಒಳಗೆ ರಕ್ತ ಸೋರಿದರೆ ಮೆದುಳು ಅದುಮಿಹೋಗುತ್ತದೆ. ಆದರೆ ಅಲುಗಾಡದೆ ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋದರೆ ಅದೂ ಪ್ರಾಣಾಂತಿಕ. ಹೀಗೆ ಹೆಪ್ಪು ಕಾಲಿನಿಂದ ಸಾಗಿಬರುತ್ತದೆಂಬುದನ್ನು ಜರ್ಮನಿಯ ರುಡಾಲ್ಫ್ ವಿರ್ಕೋ 19ನೆಯ ಶತಮಾನದಲ್ಲೇ ತೋರಿಸಿಕೊಟ್ಟಿದ್ದರು.

ಹೆಪ್ಪು ತಡೆಯುವ ಹೆಪಾರಿನ್ 1916ರಲ್ಲಿ ಅಮೆರಿಕದ ವೈದ್ಯ ವಿದ್ಯಾರ್ಥಿ ಜೇ ಮೆಕ್ಲೀನ್ ನಾಯಿಯ ಯಕೃತ್ತಿನ ಮೇಲೆ ನಡೆಸಿದ ಪ್ರಯೋಗದಿಂದ ಬೆಳಕಿಗೆ ಬಂತು. ಇಲಿ ಪಾಷಾಣವಾಗಿದ್ದ ವಾರ್ಫರಿನ್ 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ಆದರೆ ಬುರುಡೆಯೊಳಗೆ ರಕ್ತ ನಿಂತಿದೆಯೋ ಇಲ್ಲವೋ ಕಾಣದೆ ಇವನ್ನು ಕೊಡಲು ಧೈರ್ಯ ಯಾರಿಗಿದ್ದೀತು? ಆ ಕಣ್ಣು ಸಿಕ್ಕಿದ್ದು 1971ರಲ್ಲಿ, ಲಂಡನ್ನಿನಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ಆದಾಗ.

ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ ಜಪಾನಿನ ಒಕಮೊಟೊ ದಂಪತಿಗಳ ಕೊಡುಗೆ. 29 ದೇಶಗಳ 12,737 ರೋಗಿಗಳನ್ನು ಒಳಗೊಂಡ ಕ್ರಾಶ್-3 ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಪೆಟ್ಟಾದ ಮೂರು ಗಂಟೆಯೊಳಗೆ ಈ ಔಷಧ ಕೊಟ್ಟಾಗ, ಪೆಟ್ಟು ತೀರಾ ತೀವ್ರವಲ್ಲದವರಲ್ಲಿ ಸಾವು ಕಡಿಮೆಯಾಯಿತು. ಹೆಪ್ಪಿನ ತೊಂದರೆ ಹೆಚ್ಚಲಿಲ್ಲ.

ಈ ಚರಿತ್ರೆ ಕಲಿಸಿದ್ದು ಹೊತ್ತಿನ ಮಹತ್ವವನ್ನು. ಮೊದಲ ಗಂಟೆಗಳಲ್ಲಿ ರಕ್ತ ನಿಲ್ಲಿಸಬೇಕು. ಕಾಲುಗಳನ್ನು ಆಗಾಗ ಒತ್ತಿ ಬಿಡುವ ಗಾಳಿಪಟ್ಟಿಗಳನ್ನು ಬೇಗನೆ ಕಟ್ಟಬಹುದು. ಮರುಸ್ಕ್ಯಾನಿನಲ್ಲಿ ರಕ್ತಸ್ರಾವ ಹೆಚ್ಚಿಲ್ಲವೆಂದು ಕಂಡರೆ, ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಹೆಪಾರಿನ್ ಸಣ್ಣ ಪ್ರಮಾಣದಲ್ಲಿ ಶುರುವಾಗುತ್ತದೆ. "ನಿನ್ನೆ ರಕ್ತ ನಿಲ್ಲೋಕೆ ಇಂಜೆಕ್ಷನ್, ಇವತ್ತು ತೆಳು ಆಗೋಕಾ ಡಾಕ್ಟ್ರೇ?" ಎಂದು ಮನೆಯವರು ಗಾಬರಿಯಾಗುವುದು ಸಹಜ. ರಕ್ತ ಅದೇ, ದಿನ ಬೇರೆ ಎಂಬುದೇ ಅದಕ್ಕೆ ಉತ್ತರ.

ಊರಿನಿಂದ ಮಕ್ಕಳ ಮನೆಗೆ ಬರುವ ನಮ್ಮ ಹಿರಿಯರಲ್ಲಿ ಅನೇಕರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅಥವಾ ವಾರ್ಫರಿನ್ ನುಂಗುವವರು. ಅವರು ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡರೆ, ಮೇಲೆ ಗಾಯ ಕಾಣದಿದ್ದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಯ ಹೆಸರು, ಕೊನೆಯ ಸಲ ನುಂಗಿದ ಹೊತ್ತು ತಿಳಿಸಿ. ಮಾತ್ರೆಗಳ ಪಟ್ಟಿಯೊಂದು ಪಾಸ್‌ಪೋರ್ಟಿನ ಜೊತೆಗೇ ಇರಲಿ.