ಕಡಲನ್ನೇ ಇಳಿಸಹೊರಟ ಯೋಜನೆ

ಮೊದಲನೆಯ ಮಹಾಯುದ್ಧ ಮುಗಿದು ಹತ್ತು ವರ್ಷಗಳು ತುಂಬುವ ಮೊದಲೇ ಯುರೋಪಿನಲ್ಲಿ ಮತ್ತೊಂದು ಕಲಹದ ಭೀತಿ ತಲೆದೋರಿತ್ತು. ನಿರುದ್ಯೋಗ, ಭೂಮಿಯ ಅಭಾವ, ಕಲ್ಲಿದ್ದಲು ಒಂದು ದಿನ ಬರಿದಾದೀತೆಂಬ ಆತಂಕ – ಇವೆಲ್ಲಕ್ಕೂ ಏಕೈಕ ಪರಿಹಾರವೆಂದು ಜರ್ಮನಿಯ ವಾಸ್ತುಶಿಲ್ಪಿ ಹರ್ಮನ್ ಸೋರ್ಗೆಲ್ (1885–1952) ಅವರು 1920ರ ದಶಕದ ಕೊನೆಯಲ್ಲಿ ಒಂದು ಯೋಜನೆಯನ್ನು ಮುಂದಿಟ್ಟರು. ಮುಂದೆ ಅದು ‘ಅಟ್ಲಾಂಟ್ರೋಪ’ ಎಂದು ಹೆಸರಾಯಿತು.

ಮೆಡಿಟರೇನಿಯನ್ ಸಮುದ್ರಕ್ಕೆ ಮಳೆ ಮತ್ತು ನದಿಗಳು ತರುವ ನೀರಿಗಿಂತ ಅದರಿಂದ ಆವಿಯಾಗಿ ಹೋಗುವ ನೀರೇ ಅಧಿಕ. ಈ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು ಜಿಬ್ರಾಲ್ಟರ್ ಜಲಸಂಧಿಯ ಮೂಲಕ ಹರಿದುಬರುವ ಅಟ್ಲಾಂಟಿಕ್ ಸಾಗರದ ನೀರು. ಆ ಜಲಸಂಧಿಗೆ ಅಣೆಕಟ್ಟು ಕಟ್ಟಿದರೆ ಸಮುದ್ರದ ಮಟ್ಟ ತಾನಾಗಿ ಕುಸಿಯುವುದೆಂಬುದು ಸೋರ್ಗೆಲ್ ಅವರ ಎಣಿಕೆ. ಪಶ್ಚಿಮ ಭಾಗ 100 ಮೀಟರ್, ಪೂರ್ವ ಭಾಗ 200 ಮೀಟರ್ ಇಳಿಯಬೇಕಿತ್ತು. ಜಿಬ್ರಾಲ್ಟರಿನಲ್ಲಿ ಧುಮುಕುವ ನೀರಿನಿಂದ ಸುಮಾರು 50,000 ಮೆಗಾವ್ಯಾಟ್ ವಿದ್ಯುತ್ತು ಹುಟ್ಟಬೇಕಿತ್ತು. 5 ಲಕ್ಷ ಚದರ ಕಿಲೋಮೀಟರಿಗೂ ಮಿಗಿಲಾದ ಹೊಸ ನೆಲ ಮೇಲೇಳಬೇಕಿತ್ತು.

ಸೋರ್ಗೆಲ್ ಯುದ್ಧಪ್ರಿಯರಾಗಿರಲಿಲ್ಲ. ಒಂದೇ ಮೂಲದ ವಿದ್ಯುತ್ತನ್ನು ಹಂಚಿಕೊಂಡು ಬಾಳುವ ರಾಷ್ಟ್ರಗಳು ಪರಸ್ಪರ ಕಾದಾಡಲಾರವೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಪೀಟರ್ ಬೆಹ್ರೆನ್ಸ್ ಅವರಂತಹ ಹೆಸರಾಂತ ವಾಸ್ತುಶಿಲ್ಪಿಯೂ ಆ ಅಣೆಕಟ್ಟಿಗಾಗಿ ಗೋಪುರವೊಂದರ ನಕ್ಷೆಯನ್ನು ರಚಿಸಿಕೊಟ್ಟರು.

ಆದರೆ ಆ ಶಾಂತಿಯ ಬೆಲೆಯನ್ನು ತೆರಬೇಕಾದವರು ಬೇರೆಯವರು. ನೀರು ದೂರ ಸರಿದ ಬಳಿಕ ಪುರಾತನ ಬಂದರುಗಳ ಮತ್ತು ಬೆಸ್ತರ ಬದುಕು ಏನಾಗುವುದು? ಉಳಿದ ನೀರಿನಲ್ಲಿ ಉಪ್ಪು ಹೆಚ್ಚಿದರೆ ಜಲಚರಗಳ ಗತಿಯೇನು? ಯೋಜನೆಯ ಇನ್ನೊಂದು ಅಂಗವಾಗಿ ಆಫ್ರಿಕದ ಕಾಂಗೋ ನದಿಗೂ ಅಣೆಕಟ್ಟು ಕಟ್ಟಿ, ವಿಶಾಲವಾದ ಅರಣ್ಯಪ್ರದೇಶವನ್ನು ಮುಳುಗಿಸಿ, ಕೃತಕ ಸಮುದ್ರವನ್ನು ನಿರ್ಮಿಸಬೇಕಿತ್ತು. ಅಲ್ಲಿ ವಾಸಿಸುವ ಜನರ ಒಪ್ಪಿಗೆಗೆ ಈ ಯೋಜನೆಯಲ್ಲಿ ಸ್ಥಾನವಿರಲಿಲ್ಲ. ಯುರೋಪಿನ ಕೊರತೆಯನ್ನು ನೀಗಿಸಲು ಆಫ್ರಿಕವನ್ನು ಬರಿದಾದ ಬಯಲಿನಂತೆ ಎಣಿಸಲಾಗಿತ್ತು.

ಸೋರ್ಗೆಲ್ ತಮ್ಮ ಅಂತ್ಯದವರೆಗೂ ಈ ಯೋಜನೆಯ ಪ್ರಚಾರವನ್ನು ಬಿಡಲಿಲ್ಲ. 1952ರಲ್ಲಿ ಅವರು ಅಪಘಾತಕ್ಕೀಡಾಗಿ ತೀರಿಕೊಂಡರು. ಅವರು ಸ್ಥಾಪಿಸಿದ್ದ ಸಂಸ್ಥೆ 1960ರಲ್ಲಿ ಮುಚ್ಚಿತು.

ಇಂದು ಭೂಮಿಯ ತಾಪವನ್ನು ತಗ್ಗಿಸಲು ಮೇಲಿನ ವಾಯುಮಂಡಲದಲ್ಲಿ ಕಣಗಳನ್ನು ಹರಡಿ ಸೂರ್ಯನ ಬೆಳಕನ್ನು ತಡೆಯುವ ಆಲೋಚನೆಗಳು ವಿದ್ವಾಂಸರ ಚರ್ಚೆಯಲ್ಲಿವೆ. ಇವುಗಳ ಉದ್ದೇಶವೂ ಒಳ್ಳೆಯದೇ. ಆದರೆ ಉದ್ದೇಶ ಶುದ್ಧವಾಗಿದ್ದ ಮಾತ್ರಕ್ಕೆ, ಲೆಕ್ಕಕ್ಕೆ ಸೇರದ ಜೀವಿಗಳಿಗೆ ಒದಗುವ ಪೀಡೆ ಕಡಿಮೆಯಾಗದು. ಎಷ್ಟು ಶಕ್ತಿ ದೊರೆಯುವುದೆಂದು ಕೇಳುವುದಕ್ಕೆ ಮೊದಲು ಎಷ್ಟು ಸಾಕೆಂದು ಕೇಳುವುದು, ತೊಂದರೆಗೊಳಗಾಗುವವರ ಮಾತನ್ನು ಆಲಿಸುವುದು – ಅಟ್ಲಾಂಟ್ರೋಪದ ನಕ್ಷೆಗಳಲ್ಲಿ ಇವೆರಡಕ್ಕೂ ಎಡೆಯಿರಲಿಲ್ಲ.